ನಾಲ್ಕು ಜನ ಏನಂತಾರೆ? ಸಾಮಾಜಿಕ ಮನೋವಿಜ್ಞಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಾಠ ಮುಗಿದ ಮೇಲೆ ಬಾಗಿಲ ಬಳಿ ತಡೆದು ಕೇಳಿದ್ದು, ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಕೇಳಿದ್ದು, ಹಳೆಯ ವಿದ್ಯಾರ್ಥಿಗಳು ಕಾಗದ ಬರೆದು ಕೇಳಿದ್ದು, ಎಲ್ಲವೂ ಇಲ್ಲಿವೆ. ದಾವಣಗೆರೆಯಲ್ಲಿ ಇಷ್ಟು ವರ್ಷ ಮನೋವಿಜ್ಞಾನ ಪಾಠ ಮಾಡಿದ್ದೇನೆ. ಕೇಳುವವರು ಬದಲಾಗುತ್ತಾರೆ, ಪ್ರಶ್ನೆಗಳು ಮಾತ್ರ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟೆ. ಸುಲಭದ್ದು ಮೊದಲು, ತಲೆ ಕೆರೆದುಕೊಳ್ಳಬೇಕಾದ್ದು ಕೊನೆಗೆ. ನಿಮಗೆ ಬೇಕಾದ್ದನ್ನಷ್ಟೇ ಆರಿಸಿ ಓದಿದರೂ ನಡೆಯುತ್ತದೆ.

## ಮೊದಲ ಪ್ರಶ್ನೆಗಳು

ಸಾಮಾಜಿಕ ಮನೋವಿಜ್ಞಾನ ಅಂದ್ರೆ ಸಮಾಜಶಾಸ್ತ್ರನೇ ಅಲ್ವಾ ಮೇಡಂ?

ಅಕ್ಕಪಕ್ಕದ ಮನೆ, ಆದರೆ ಮನೆ ಬೇರೆ. ಸಮಾಜಶಾಸ್ತ್ರ ಇಡೀ ಊರನ್ನು ನೋಡುತ್ತದೆ. ಜಾತಿ, ಕುಟುಂಬ, ಕಚೇರಿ ಹೇಗೆ ನಡೆಯುತ್ತವೆ ಅಂತ ಕೇಳುತ್ತದೆ. ಸಾಮಾಜಿಕ ಮನೋವಿಜ್ಞಾನ ಒಬ್ಬ ಮನುಷ್ಯನನ್ನು ಹಿಡಿದುಕೊಂಡು, ಇನ್ನೊಬ್ಬರು ಇರುವುದರಿಂದ ಇವನ ಯೋಚನೆ, ನಡತೆ ಹೇಗೆ ಬದಲಾಯಿತು ಅಂತ ಕೇಳುತ್ತದೆ. ಆ ಇನ್ನೊಬ್ಬರು ಎದುರಿಗೇ ಇರಬೇಕಂತಿಲ್ಲ. ರಾತ್ರಿ ಹತ್ತು ಗಂಟೆಗೆ ಬೀದಿಯಲ್ಲಿ ನರಪಿಳ್ಳೆ ಇಲ್ಲದಿದ್ದರೂ ಕಸ ಹಾಕಲು ಹೋಗುವಾಗ ನೈಟಿ ಮೇಲೊಂದು ವೇಲ್ ಹೊದ್ದುಕೊಳ್ಳುತ್ತೇವಲ್ಲ, ಆ ವೇಲ್ ಹೊದಿಸಿದ್ದು ಅಲ್ಲಿಲ್ಲದ ಜನ.

ಈ ವಿಷಯದ ಮೊದಲ ಪ್ರಯೋಗಗಳಲ್ಲಿ ಒಂದು ಅಂತ ಹೇಳುವುದು ಅಮೆರಿಕದ ನಾರ್ಮನ್ ಟ್ರಿಪ್ಲೆಟ್ 1898ರಲ್ಲಿ ಪ್ರಕಟಿಸಿದ್ದನ್ನು. ಸೈಕಲ್ ಸವಾರರು ಒಬ್ಬರೇ ಓಡಿಸುವಾಗಿನದಕ್ಕಿಂತ ಜೊತೆಗೆ ಸ್ಪರ್ಧಿ ಇದ್ದಾಗ ಜೋರಾಗಿ ಓಡಿಸುವುದನ್ನು ಅವರು ಗಮನಿಸಿದ್ದರು. ಆಮೇಲೆ ಮಕ್ಕಳ ಕೈಗೆ ಮೀನು ಹಿಡಿಯುವ ಗಾಳದ ರಾಟೆ ಕೊಟ್ಟು ಸುತ್ತಿಸಿದರು. ಜೊತೆಯಲ್ಲಿ ಇನ್ನೊಂದು ಮಗು ಸುತ್ತುತ್ತಿದ್ದರೆ ಕೆಲವರು ಚುರುಕಾದರು. ಕೆಲವರು ಗಾಬರಿಯಾಗಿ ನಿಧಾನವೂ ಆದರು.

ಇದನ್ನ ಓದಿದ್ರೆ ಮುಖ ನೋಡಿ ಸುಳ್ಳು ಹೇಳ್ತಿದ್ದಾರಾ ಅಂತ ಕಂಡುಹಿಡೀಬಹುದಾ?

ಆಗಲ್ಲ. ಮಾತು ಕೇಳಿ, ಮುಖ ನೋಡಿ ಸುಳ್ಳು-ನಿಜ ಹೇಳುವ ನೂರಾರು ಅಧ್ಯಯನಗಳನ್ನು 2006ರಲ್ಲಿ ಒಟ್ಟುಗೂಡಿಸಿ ನೋಡಿದರು. ಜನ ಸರಿಯಾಗಿ ಹೇಳಿದ್ದು 100ಕ್ಕೆ 54 ಸಲ. ನಾಣ್ಯ ಚಿಮ್ಮಿದರೆ 50 ಸಿಗುತ್ತದೆ. "ನನಗೆ ಮುಖ ನೋಡಿದ್ರೇ ಗೊತ್ತಾಗುತ್ತೆ" ಅನ್ನುವವರು ತಪ್ಪಾದ ಸಲಗಳನ್ನು ಲೆಕ್ಕ ಇಟ್ಟಿರುವುದಿಲ್ಲ, ಅಷ್ಟೇ.

ಇದೆಲ್ಲಾ ನಮ್ಮಜ್ಜಿಗೂ ಗೊತ್ತಿತ್ತು. ಅದಕ್ಕೆ ಪ್ರಯೋಗ ಬೇರೆ ಬೇಕಾ?

ಅಜ್ಜಿಗೆ ಗೊತ್ತಿತ್ತು, ನಿಜ. ತೊಂದರೆ ಏನಂದ್ರೆ ಅಜ್ಜಿ ಹತ್ತಿರ ಎರಡೂ ಕಡೆಗೆ ಗಾದೆ ಇತ್ತು. ಒಂದು ದಿನ "ಒಗ್ಗಟ್ಟಿನಲ್ಲಿ ಬಲವಿದೆ" ಅನ್ನುತ್ತಿದ್ದರು, ಇನ್ನೊಂದು ದಿನ "ಹತ್ತು ಜನ ಸೇರಿದರೆ ಹಾವು ಸಾಯಲ್ಲ" ಅನ್ನುತ್ತಿದ್ದರು. ಯಾವುದು ಯಾವಾಗ ನಿಜ ಅಂತ ತಿಳಿಯಲು ಅಳತೆ ಬೇಕು.

ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗಲ್‌ಮನ್ ಜನರಿಂದ ಹಗ್ಗ ಎಳೆಸಿ ಅಳೆದರು, 1913ರಲ್ಲಿ ಪ್ರಕಟಿಸಿದರು. ಜನ ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲಿನ ಎಳೆತ ಕಡಿಮೆಯಾಗುತ್ತಾ ಹೋಯಿತು. ರಾಜ ಎಲ್ಲರಿಗೂ ಕೊಳಕ್ಕೆ ಒಂದೊಂದು ಬಿಂದಿಗೆ ಹಾಲು ಹುಯ್ಯಲು ಹೇಳಿದ, ಬೆಳಗ್ಗೆ ನೋಡಿದರೆ ಕೊಳದ ತುಂಬಾ ನೀರು. ಆ ಕಥೆ ನೆನಪಿದೆಯಲ್ಲ, ಅದೇ ಇದು. 1979ರಲ್ಲಿ ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದಾಗಲೂ ಇದೇ ಬಂತು. ಆದರೆ ಒಬ್ಬೊಬ್ಬರು ಎಷ್ಟು ಕೂಗಿದರು ಅಂತ ಗೊತ್ತಾಗುತ್ತದೆ ಎಂದು ತಿಳಿದರೆ ಈ ಮೈಗಳ್ಳತನ ಹೆಚ್ಚುಕಡಿಮೆ ಹೋಗಿಬಿಡುತ್ತದೆ. ಬಿಂದಿಗೆ ಮೇಲೆ ಹೆಸರು ಬರೆಸಿದ್ದರೆ ರಾಜನಿಗೆ ಹಾಲೇ ಸಿಗುತ್ತಿತ್ತೇನೋ. ಗಾದೆಯಲ್ಲಿ ಈ "ಆದರೆ" ಇರುವುದಿಲ್ಲ.

## ಇನ್ನೊಬ್ಬರನ್ನು ಅಳೆಯುವಾಗ

ನಾನು ತಡವಾಗಿ ಬಂದ್ರೆ ಟ್ರಾಫಿಕ್ಕು, ಅವನು ತಡವಾಗಿ ಬಂದ್ರೆ ಸೋಮಾರಿ. ಯಾಕೆ ಹೀಗೆ ಅನ್ಸುತ್ತೆ?

ನನಗೆ ನನ್ನ ದಾರಿ ಕಾಣುತ್ತದೆ. ಅವನ ದಾರಿ ಕಾಣುವುದಿಲ್ಲ, ಅವನು ಮಾತ್ರ ಕಾಣುತ್ತಾನೆ. ಹಾಗಾಗಿ ಕಾರಣವನ್ನು ಅವನೊಳಗೇ ಹುಡುಕುತ್ತೇವೆ.

1967ರಲ್ಲಿ ಜೋನ್ಸ್ ಮತ್ತು ಹ್ಯಾರಿಸ್ ಎಂಬಿಬ್ಬರು ವಿದ್ಯಾರ್ಥಿಗಳಿಗೆ ಕ್ಯೂಬಾದ ಕ್ಯಾಸ್ಟ್ರೊ ಪರವಾಗಿ ಬರೆದ ಪ್ರಬಂಧ ಓದಿಸಿದರು. "ಬರೆದವನಿಗೆ ಆಯ್ಕೆ ಇರಲಿಲ್ಲ, ಈ ಪರವಾಗಿಯೇ ಬರೆ ಅಂತ ಮೇಷ್ಟ್ರು ಹೇಳಿದ್ದರು" ಅಂತ ಮೊದಲೇ ತಿಳಿಸಿದ್ದರು. ಆದರೂ ಓದಿದವರು, ಇವನ ಮನಸ್ಸಿನಲ್ಲೂ ಕ್ಯಾಸ್ಟ್ರೊ ಪರ ಒಲವಿರಬೇಕು ಅಂದರು. ಸನ್ನಿವೇಶದ ಒತ್ತಡ ಕಣ್ಣೆದುರಿಗಿದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹತ್ತು ವರ್ಷದ ಮೇಲೆ ಲೀ ರಾಸ್ ಇದನ್ನು ಗುಣಾರೋಪದ ಮೂಲಭೂತ ತಪ್ಪು ಅಂತ ಕರೆದರು.

ಇದು ಎಲ್ಲರಿಗೂ ಹುಟ್ಟಿನಿಂದ ಬಂದದ್ದಾ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಕ್ಕಿದ್ದು ನಮ್ಮ ಮೈಸೂರಿನಲ್ಲಿ. ಜೋನ್ ಮಿಲ್ಲರ್ ಎಂಬ ಸಂಶೋಧಕಿ ಮೈಸೂರಿನ ಹಿಂದೂಗಳನ್ನೂ ಶಿಕಾಗೊದ ಅಮೆರಿಕನ್ನರನ್ನೂ ಮಾತಾಡಿಸಿದರು. ಮಕ್ಕಳೂ ಇದ್ದರು, ದೊಡ್ಡವರೂ ಇದ್ದರು. ಪರಿಚಯದವರು ಮಾಡಿದ ಒಂದು ಒಳ್ಳೆಯ ಕೆಲಸ, ಒಂದು ಕೆಟ್ಟ ಕೆಲಸ ಹೇಳಿ, ಯಾಕೆ ಮಾಡಿದರು ಅಂತಲೂ ಹೇಳಿ ಅಂತ ಕೇಳಿದರು. ಪ್ರಕಟವಾದದ್ದು 1984ರಲ್ಲಿ. ಅದರಲ್ಲೊಂದು ಘಟನೆ ನನಗೆ ಮರೆಯಲು ಆಗಿಲ್ಲ. ಒಬ್ಬ ವಕೀಲ ಮೋಟರ್ ಬೈಕಿನಲ್ಲಿ ಹೋಗುವಾಗ ಟೈರು ಒಡೆದು ಹಿಂದೆ ಕೂತವನ ತಲೆಗೆ ಪೆಟ್ಟಾಗುತ್ತದೆ. ವಕೀಲ ಅವನನ್ನು ಆಸ್ಪತ್ರೆಗೆ ಸೇರಿಸುತ್ತಾನೆ. ಪೆಟ್ಟು ಎಷ್ಟು ಜೋರು ಅಂತ ಡಾಕ್ಟರನ್ನೂ ಕೇಳದೆ ಕೋರ್ಟಿಗೆ ಹೋಗುತ್ತಾನೆ. ಪೆಟ್ಟಾದವನು ಸಾಯುತ್ತಾನೆ. ಅಮೆರಿಕದವರು ಆ ವಕೀಲನಿಗೆ ಜವಾಬ್ದಾರಿ ಇಲ್ಲ, ಬರೀ ತನ್ನ ಏಳಿಗೆ ನೋಡುವವನು ಅಂದರು. ನಮ್ಮವರ ಕಾರಣಗಳು ಬೇರೆ. ಕೋರ್ಟಿಗೆ ಹೋಗುವುದು ಅವನ ಕರ್ತವ್ಯವಾಗಿತ್ತು, ಗಾಬರಿಯಾಗಿದ್ದಿರಬಹುದು, ಪೆಟ್ಟು ಅಷ್ಟು ಗಂಭೀರವಾಗಿ ಕಂಡಿರಲಿಕ್ಕಿಲ್ಲ. ಎರಡೂ ಊರಿನ ಎಂಟು ವರ್ಷದ ಮಕ್ಕಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಇರಲಿಲ್ಲ. ವಯಸ್ಸಾಗುತ್ತಾ ಹಿಗ್ಗಿತು. ಅಂದರೆ ಕಾರಣ ಎಲ್ಲಿ ಹುಡುಕಬೇಕು ಅನ್ನುವುದನ್ನೂ ನಾವು ಬೆಳೆಯುತ್ತಾ ಕಲಿಯುತ್ತೇವೆ.

ಇದು 40 ವರ್ಷ ಹಿಂದಿನ ಮೈಸೂರು ಅನ್ನುವುದು ನೆನಪಿರಲಿ. ಈಗಿನ ಬೆಂಗಳೂರಿನ ಆಫೀಸಿನಲ್ಲಿ ಕೇಳಿದರೆ ಶಿಕಾಗೊ ಉತ್ತರವೇ ಬರಬಹುದು ಅನ್ನುವುದು ನನ್ನ ಅನುಮಾನ.

ನೋಡೋಕೆ ಲಕ್ಷಣವಾಗಿರೋರು ಒಳ್ಳೆಯವರು ಅಂತ ಯಾಕೆ ಅನ್ಸುತ್ತೆ?

ಒಂದು ಗುಣ ಕಣ್ಣಿಗೆ ಹಿಡಿಸಿದರೆ ಉಳಿದ ಗುಣಗಳಿಗೂ ಅದೇ ಬಣ್ಣ ಬಳಿಯುತ್ತೇವೆ. 1920ರಲ್ಲಿ ಥಾರ್ನ್‌ಡೈಕ್ ಇದನ್ನು ಸೈನ್ಯದಲ್ಲಿ ಕಂಡರು. ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಮೈಕಟ್ಟು, ಬುದ್ಧಿ, ನಾಯಕತ್ವ ಅಂತ ಬೇರೆ ಬೇರೆ ಅಂಕ ಕೊಡಬೇಕಿತ್ತು. ಒಂದರಲ್ಲಿ ಜಾಸ್ತಿ ಕೊಟ್ಟವರು ಎಲ್ಲದರಲ್ಲೂ ಜಾಸ್ತಿ ಕೊಟ್ಟಿದ್ದರು. ದುಂಡಗಿನ ಅಕ್ಷರದ ಉತ್ತರ ಪತ್ರಿಕೆ ತಿದ್ದುವಾಗ ನನ್ನ ಪೆನ್ನೂ ಸ್ವಲ್ಪ ಧಾರಾಳಿಯಾಗುತ್ತದೆ. ಹಾಗಾಗಿ ಒಂದೊಂದೇ ಪ್ರಶ್ನೆಯನ್ನು ಎಲ್ಲರ ಪತ್ರಿಕೆಯಲ್ಲೂ ತಿದ್ದಿ, ಆಮೇಲೆ ಮುಂದಿನ ಪ್ರಶ್ನೆಗೆ ಹೋಗುತ್ತೇನೆ.

ದಡ್ಡ ದಡ್ಡ ಅಂತಿದ್ರೆ ಮಗು ನಿಜವಾಗ್ಲೂ ದಡ್ಡ ಆಗುತ್ತಾ?

ಸ್ವಲ್ಪ ಮಟ್ಟಿಗೆ. 1968ರಲ್ಲಿ ರೊಸೆಂತಾಲ್ ಮತ್ತು ಜೇಕಬ್‌ಸನ್ ಅಮೆರಿಕದ ಒಂದು ಶಾಲೆಯಲ್ಲಿ ಚೀಟಿ ಎತ್ತಿದ ಹಾಗೆ ಕೆಲವು ಮಕ್ಕಳ ಹೆಸರು ಆರಿಸಿ, "ಈ ವರ್ಷ ಇವರು ಮುಂದೆ ಬರುತ್ತಾರೆ" ಅಂತ ಟೀಚರುಗಳಿಗೆ ಹೇಳಿದರು. ಒಂದನೇ, ಎರಡನೇ ತರಗತಿಯಲ್ಲಿ ಆ ಮಕ್ಕಳು ನಿಜಕ್ಕೂ ಮುಂದೆ ಬಂದರು. ದೊಡ್ಡ ತರಗತಿಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಟೀಚರು ನಂಬಿದರೆ ಸಾಕು ಅನ್ನುವಷ್ಟು ದೊಡ್ಡ ಪರಿಣಾಮ ಇದಲ್ಲ. ಆಮೇಲಿನ ಅಧ್ಯಯನಗಳಲ್ಲಿ ಅದು ಚಿಕ್ಕದಾಗಿಯೇ ಕಂಡಿದೆ.

ನನ್ನನ್ನು ಜಾಸ್ತಿ ಕಾಡುವುದು ಉತ್ತರ ಪ್ರದೇಶದ ಹಳ್ಳಿಯಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ನಡೆಸಿದ ಅಧ್ಯಯನ. ಆರನೇ, ಏಳನೇ ತರಗತಿ ಹುಡುಗರಿಗೆ ಕಾಗದದ ಮೇಲಿನ ದಾರಿ ಹುಡುಕುವ ಒಗಟು ಕೊಟ್ಟರು. ಬಿಡಿಸಿದ್ದಕ್ಕೆ ದುಡ್ಡು. ಯಾರ ಜಾತಿ ಏನು ಅಂತ ಹೇಳದಿದ್ದಾಗ ದಲಿತ ಹುಡುಗರೂ ಮೇಲ್ಜಾತಿ ಹುಡುಗರೂ ಹೆಚ್ಚುಕಡಿಮೆ ಸಮನಾಗಿ ಬಿಡಿಸಿದರು. ಹೆಸರು, ಜಾತಿ ಎಲ್ಲರೆದುರು ಓದಿ ಹೇಳಿದ ಕೋಣೆಯಲ್ಲಿ ದಲಿತ ಹುಡುಗರು ಹಿಂದೆ ಬಿದ್ದರು. ಅದೇ ವಯಸ್ಸು, ಅದೇ ಒಗಟು. ಹಾಜರಿ ಪುಸ್ತಕ ಹಿಡಿದು "ಸ್ಕಾಲರ್‌ಶಿಪ್‌ನವರು ಎದ್ದು ನಿಲ್ಲಿ" ಅನ್ನುವ ನಮ್ಮ ಅಭ್ಯಾಸ ನೆನಪಾಗುತ್ತದೆ. ನಾನೂ ಅಂದಿದ್ದೇನೆ. ಈಗ ಪಟ್ಟಿಯನ್ನು ಆಫೀಸಿನಿಂದಲೇ ತಿಳಿಸಲು ಹೇಳಿದ್ದೇನೆ.

ತಪ್ಪು ಅಂತ ಗೊತ್ತಾದ್ಮೇಲೂ ಜನ ಯಾಕೆ ಸಮರ್ಥನೆ ಮಾಡ್ಕೋತಾರೆ?

ಮಾಡಿದ ಕೆಲಸ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಇದ್ದರೆ ಒಳಗೆ ಕಿರಿಕಿರಿ. ಕೆಲಸವನ್ನು ಅಳಿಸಲು ಆಗುವುದಿಲ್ಲ, ಹಾಗಾಗಿ ಮನಸ್ಸನ್ನೇ ಆ ಕಡೆಗೆ ಸರಿಸಿಕೊಳ್ಳುತ್ತೇವೆ.

1959ರಲ್ಲಿ ಫೆಸ್ಟಿಂಗರ್ ಮತ್ತು ಕಾರ್ಲ್‌ಸ್ಮಿತ್ ವಿದ್ಯಾರ್ಥಿಗಳಿಂದ ಒಂದು ಗಂಟೆ ತೀರಾ ಬೇಜಾರಿನ ಕೆಲಸ ಮಾಡಿಸಿದರು. ಗೂಟಗಳನ್ನು ಒಂದಿಷ್ಟು ತಿರುಗಿಸು, ಮತ್ತೆ ತಿರುಗಿಸು, ಇಂಥದ್ದು. ಆಮೇಲೆ ಹೊರಗೆ ಕಾಯುತ್ತಿರುವವರಿಗೆ "ತುಂಬಾ ಮಜಾ ಇತ್ತು" ಅಂತ ಸುಳ್ಳು ಹೇಳಲು ಕೇಳಿದರು. ಕೆಲವರಿಗೆ 20 ಡಾಲರ್, ಕೆಲವರಿಗೆ 1 ಡಾಲರ್. ಕೊನೆಗೆ "ನಿಜವಾಗಿ ಹೇಗಿತ್ತು?" ಅಂತ ಕೇಳಿದರೆ, ಕೆಲಸ ಚೆನ್ನಾಗಿತ್ತು ಅಂದವರು 1 ಡಾಲರ್‌ನವರು. 20 ಸಿಕ್ಕವನಿಗೆ ಸುಳ್ಳು ಹೇಳಲು ಕಾರಣ ಜೇಬಿನಲ್ಲೇ ಇತ್ತು. 1 ಡಾಲರ್‌ನವನು ಕಾರಣ ಹುಟ್ಟಿಸಿಕೊಳ್ಳಬೇಕಾಯಿತು.

## ಒಬ್ಬರಿಂದ ಒಬ್ಬರಿಗೆ

ನಾಲ್ಕು ಜನ ಏನಂತಾರೆ ಅಂತ ಯೋಚಿಸೋದು ತಪ್ಪಾ?

ತಪ್ಪೇನಲ್ಲ, ಆದರೆ ಆ ನಾಲ್ಕು ಜನರ ಬಗ್ಗೆ ನಮ್ಮ ಲೆಕ್ಕ ಎರಡು ಕಡೆ ತಪ್ಪುತ್ತದೆ. ಒಂದು, ಅವರು ನಮ್ಮನ್ನು ನಾವು ಅಂದುಕೊಂಡಷ್ಟು ನೋಡುತ್ತಿರುವುದಿಲ್ಲ. 2000ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಿದ್ಯಾರ್ಥಿಗಳಿಗೆ ಮುಜುಗರ ತರುವ ಟೀ ಶರ್ಟ್ ಹಾಕಿಸಿ ಕೋಣೆಯೊಳಗೆ ಕಳಿಸಿದರು. ಸುಮಾರು ಅರ್ಧ ಜನ ಗಮನಿಸಿರಬೇಕು ಅಂತ ಹಾಕಿಕೊಂಡವರು ಅಂದಾಜು ಮಾಡಿದರು. ಗಮನಿಸಿದ್ದು ಕಾಲು ಭಾಗದಷ್ಟು ಜನ.

ಎರಡನೆಯದು ಇನ್ನೂ ಮಜವಾಗಿದೆ. ಹುಡುಗಿಯ ಕಡೆಯವರಿಗೂ ಸಣ್ಣ ಮದುವೆ ಸಾಕು, ಹುಡುಗನ ಕಡೆಯವರಿಗೂ ಸಾಕು. ಆದರೆ "ಅವರು ಬೇಜಾರು ಮಾಡ್ಕೋತಾರೆ" ಅಂತ ಇಬ್ಬರೂ ಬಾಯಿ ಬಿಡುವುದಿಲ್ಲ. ಕೊನೆಗೆ ಸಾವಿರ ಎಲೆ ಹಾಕಿಸುತ್ತಾರೆ. 1993ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ವಿದ್ಯಾರ್ಥಿಗಳ ಕುಡಿತದ ಬಗ್ಗೆ ಕೇಳಿದಾಗಲೂ ಹೀಗೇ ಬಂತು. ಒಟ್ಟಾರೆ ನೋಡಿದರೆ ಅವರಿಗೆ ಅದು ಅಷ್ಟೇನೂ ಹಿಡಿಸಿರಲಿಲ್ಲ, ಉಳಿದವರಿಗೆ ಮಾತ್ರ ತಮಗಿಂತ ಹೆಚ್ಚು ಹಿಡಿಸಿದೆ ಅಂತ ನಂಬಿದ್ದರು.

ಎಲ್ಲರೂ ಹೌದು ಅಂದ್ರೆ ನಾನೂ ಹೌದು ಅಂದ್ಬಿಡ್ತೀನಿ. ನಾನು ಅಷ್ಟು ದುರ್ಬಲಾನಾ?

ಮೇಕೆ ಹೊತ್ತು ಬರುತ್ತಿದ್ದ ಬ್ರಾಹ್ಮಣನ ಕಥೆ ಗೊತ್ತಲ್ಲ? ಮೂವರು ಕಳ್ಳರು ಒಬ್ಬರಾದ ಮೇಲೊಬ್ಬರು ಸಿಕ್ಕಿ "ಇದೇನು ಸ್ವಾಮಿ, ನಾಯಿ ಹೊತ್ಕೊಂಡಿದ್ದೀರಿ" ಅಂತಾರೆ. ಮೂರನೆಯವನ ಹೊತ್ತಿಗೆ ಮೇಕೆ ಕೆಳಗಿಳಿದಿರುತ್ತದೆ.

1951ರಲ್ಲಿ ಸಾಲೊಮನ್ ಆಶ್ ಇದನ್ನು ಗೆರೆಗಳಿಂದ ಮಾಡಿದರು. ಒಂದು ಗೆರೆ ತೋರಿಸಿ, ಈ ಮೂರರಲ್ಲಿ ಅದಕ್ಕೆ ಸಮನಾದದ್ದು ಯಾವುದು ಅಂತ ಕೇಳುವುದು. ಮಗುವೂ ಹೇಳಬಹುದಾದ ಪ್ರಶ್ನೆ. ಕೋಣೆಯಲ್ಲಿ ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಆಶ್ ಕಡೆಯವರು. 18 ಸುತ್ತುಗಳಲ್ಲಿ 12 ಸಲ ಅವರೆಲ್ಲ ಒಟ್ಟಾಗಿ ತಪ್ಪು ಹೇಳುತ್ತಿದ್ದರು. ನಾಲ್ಕರಲ್ಲಿ ಮೂರು ಜನ ಒಂದು ಸಲವಾದರೂ ಅವರ ಜೊತೆ ತಪ್ಪು ಹೇಳಿದರು. ಪುಸ್ತಕಗಳು ಇಲ್ಲಿಗೇ ನಿಲ್ಲಿಸುತ್ತವೆ. ಮುಂದಿನ ಲೆಕ್ಕವನ್ನೂ ನೋಡಿ. ಆ ಸುತ್ತುಗಳಲ್ಲಿ ಬಂದ ಉತ್ತರಗಳಲ್ಲಿ ಸುಮಾರು ಮೂರರಲ್ಲಿ ಎರಡು ಸರಿಯಾಗಿದ್ದವು. ನಾಲ್ಕರಲ್ಲಿ ಒಬ್ಬ ಒಮ್ಮೆಯೂ ಬಾಗಲಿಲ್ಲ.

ನೀವು ತಿಳಿಯಬೇಕಾದ್ದು ಇನ್ನೂ ಎರಡಿವೆ. ಎದುರು ಪಕ್ಷದಲ್ಲಿ ಒಬ್ಬನೇ ಇದ್ದರೆ ಪರಿಣಾಮ ಇಲ್ಲವೇ ಇಲ್ಲ ಅನ್ನಬಹುದು. ಮೂರು ಜನ ಆದರೆ ಸಾಕು, ಆಮೇಲೆ ಎಷ್ಟು ಸೇರಿಸಿದರೂ ಅಷ್ಟೇನೂ ಹೆಚ್ಚುವುದಿಲ್ಲ. ಕಥೆಯ ಕಳ್ಳರಿಗೆ ಲೆಕ್ಕ ಸರಿಯಾಗಿಯೇ ಗೊತ್ತಿತ್ತು! ಹಾಗೇ, ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿಯಾದ ಉತ್ತರ ಹೇಳಿದರೂ ಬಾಗುವವರ ಸಂಖ್ಯೆ ಧಡಕ್ಕನೆ ಇಳಿಯಿತು. ಮೀಟಿಂಗಿನಲ್ಲಿ ನಿಮಗೆ ಬೇರೆ ಅನ್ನಿಸಿದರೆ ಹೇಳಿಬಿಡಿ. ನಿಮ್ಮ ಮಾತು ಗೆಲ್ಲದೇ ಇರಬಹುದು, ಬಾಯಿ ಮುಚ್ಚಿಕೊಂಡು ಕೂತಿದ್ದ ಇನ್ನೊಬ್ಬರಿಗೆ ಬಾಯಿ ಬರುತ್ತದೆ.

ಸೀರೆ ಅಂಗಡಿಯಲ್ಲಿ ಕಾಫಿ ಕುಡಿದ್ಮೇಲೆ ಬರಿಗೈಲಿ ಬರೋಕೆ ಆಗಲ್ಲ. ಇದೇನು ಮಾಯ?

ಇದು ಮುಯ್ಯಿ. ಮದುವೆ ಮಂಟಪದ ಬಾಗಿಲಲ್ಲಿ ಒಂದು ಟೇಬಲ್, ಮೇಲೊಂದು ಉದ್ದನೆಯ ನೋಟ್‌ಬುಕ್, ಮೊದಲ ಪುಟಕ್ಕೆ ಅರಿಶಿನ ಕುಂಕುಮ. ಚಿಕ್ಕಪ್ಪನೋ ಭಾವನೋ ಕೂತು ಬರೆಯುತ್ತಿರುತ್ತಾರೆ: ಹೆಸರು, ಊರು, 101, 501. ಮದುವೆ ಮುಗಿದ ಮೇಲೆ ಆ ಪುಸ್ತಕ ಅಟ್ಟ ಸೇರುತ್ತದೆ. ಹನ್ನೆರಡು ವರ್ಷ ಆದ ಮೇಲೆ ಅವರ ಮನೆಯಿಂದ ಲಗ್ನಪತ್ರಿಕೆ ಬಂದ ದಿನ ಕೆಳಗಿಳಿಯುತ್ತದೆ. "ಅವರು ನಮಗೆ ಎಷ್ಟು ಹಾಕಿದ್ರು ನೋಡು." ಕೊಟ್ಟದ್ದನ್ನು ತೀರಿಸಬೇಕು ಅನ್ನುವ ಈ ಭಾರ ಎಲ್ಲ ದೇಶದಲ್ಲೂ ಇದೆ. ನಾವು ಅದಕ್ಕೆ ಲೆಡ್ಜರ್ ಇಟ್ಟಿದ್ದೇವೆ.

ಡೆನಿಸ್ ರೀಗನ್ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಕ್ಕದಲ್ಲಿ ಕೂತವನು ಕೇಳದೆಯೇ ಒಂದು ಕೋಕ್ ತಂದು ಕೊಡುತ್ತಾನೆ. ಸ್ವಲ್ಪ ಹೊತ್ತಾದ ಮೇಲೆ ಲಾಟರಿ ಟಿಕೆಟ್ ತಗೋತೀರಾ ಅಂತಾನೆ. ಕೋಕ್ ಕುಡಿದವರು ಕುಡಿಯದವರಿಗಿಂತ ಸುಮಾರು ಎರಡು ಪಟ್ಟು ಟಿಕೆಟ್ ಕೊಂಡರು. ಆ ಮನುಷ್ಯ ಇಷ್ಟವಾಗದಿದ್ದವರೂ ಕೊಂಡರು. ಸೀರೆ ಅಂಗಡಿಯಲ್ಲಿ ಕಾಫಿ ಲೆಕ್ಕಕ್ಕೇ ಇಲ್ಲ, ನಿಜವಾದ ಮುಯ್ಯಿ ಆ ಹುಡುಗ ನಿಮಗಾಗಿ ಬಿಡಿಸಿ ಹರಡಿದ ಐವತ್ತು ಸೀರೆ. ಅವನು ಅವನ್ನೆಲ್ಲ ಮತ್ತೆ ಮಡಚಬೇಕಲ್ಲ ಅಂತ ನಮ್ಮ ಹೊಟ್ಟೆ ಚುರ್ ಅನ್ನುತ್ತದೆ.

ಇದರ ಇನ್ನೊಂದು ವೇಷ ಚೌಕಾಶಿ. 1975ರಲ್ಲಿ ಚಾಲ್ಡೀನಿ ಮತ್ತು ಜೊತೆಗಾರರು ವಿದ್ಯಾರ್ಥಿಗಳಿಗೆ, ಹಾದಿ ತಪ್ಪಿದ ಹುಡುಗರನ್ನು ಎರಡು ಗಂಟೆ ಮೃಗಾಲಯಕ್ಕೆ ಕರೆದುಕೊಂಡು ಹೋಗ್ತೀರಾ ಅಂತ ಕೇಳಿದರು. 100ಕ್ಕೆ 17 ಜನ ಒಪ್ಪಿದರು. ಇನ್ನೊಂದು ಗುಂಪಿಗೆ ಮೊದಲು "ವಾರಕ್ಕೆ ಎರಡು ಗಂಟೆಯಂತೆ ಎರಡು ವರ್ಷ ಅವರ ಜೊತೆ ಕೆಲಸ ಮಾಡ್ತೀರಾ" ಅಂತ ಕೇಳಿ, ಬೇಡ ಅನ್ನಿಸಿಕೊಂಡು, ಆಮೇಲೆ ಮೃಗಾಲಯ ಅಂದರು. 50 ಜನ ಒಪ್ಪಿದರು. ಅವನು ಒಂದು ಮೆಟ್ಟಿಲು ಇಳಿದ, ನಾನೂ ಇಳಿಯಬೇಕು ಅನ್ನಿಸುತ್ತದೆ.

"ಎಲ್ಲರೂ ಇಲ್ಲೇ ಕಸ ಹಾಕ್ತಾರೆ, ದಯವಿಟ್ಟು ಹಾಕಬೇಡಿ" ಅಂತ ಬೋರ್ಡ್ ಹಾಕಿದ್ವಿ. ಕಸ ಜಾಸ್ತಿ ಆಯ್ತು!

ಮೊದಲರ್ಧ ಕೆಲಸ ಮಾಡಿತು. ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರಗಳ ರಾಷ್ಟ್ರೀಯ ಉದ್ಯಾನವಿದೆ. ಬಂದವರು ತುಣುಕು ಕದಿಯುತ್ತಾರೆ. ಚಾಲ್ಡೀನಿ ತಂಡ ಗುರುತು ಮಾಡಿದ ತುಣುಕುಗಳನ್ನು ದಾರಿಯಲ್ಲಿಟ್ಟು ಎರಡು ಥರದ ಬೋರ್ಡ್ ಹಾಕಿ ನೋಡಿತು. "ಹಿಂದೆ ಬಂದ ಎಷ್ಟೋ ಜನ ತೆಗೆದುಕೊಂಡು ಹೋಗಿದ್ದಾರೆ" ಅಂದ ಬೋರ್ಡಿನ ಹತ್ತಿರ 100ಕ್ಕೆ ಸುಮಾರು 8 ತುಣುಕು ಹೋದವು. ಬರೀ "ತೆಗೆದುಕೊಂಡು ಹೋಗಬೇಡಿ" ಅಂದಲ್ಲಿ 2ಕ್ಕಿಂತ ಕಡಿಮೆ. ನಿಮ್ಮ ಬೋರ್ಡಿನಿಂದ "ಎಲ್ಲರೂ" ಅನ್ನುವ ಪದ ಅಳಿಸಿ. ಆಗುವುದಾದರೆ ಜಾಗ ಒಮ್ಮೆ ಗುಡಿಸಿ, ರಂಗೋಲಿ ಹಾಕಿ.

ಓದಿದವರೇ "ಡಿಜಿಟಲ್ ಅರೆಸ್ಟ್" ಮೋಸಕ್ಕೆ ಬೀಳ್ತಾರಲ್ಲ, ಅವರ ಬುದ್ಧಿ ಎಲ್ಲಿ ಹೋಗಿರುತ್ತೆ?

ಬುದ್ಧಿ ಅಲ್ಲೇ ಇರುತ್ತದೆ. ಒಬ್ಬಂಟಿಯಾಗಿರುತ್ತದೆ.

ಸ್ಟ್ಯಾನ್ಲಿ ಮಿಲ್‌ಗ್ರಾಂ 1961ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಪ್ರಯೋಗ ನೋಡಿ. ಪೇಪರ್ ಜಾಹೀರಾತು ನೋಡಿ ಬಂದ ಮಾಮೂಲಿ ಜನ. ಕೂಲಿ 4 ಡಾಲರ್, ಬಸ್ಸಿಗೆ 50 ಸೆಂಟ್. ಪಕ್ಕದ ಕೋಣೆಯವನು ತಪ್ಪು ಉತ್ತರ ಕೊಟ್ಟಾಗಲೆಲ್ಲ ಒಂದು ಸ್ವಿಚ್ ಒತ್ತಿ ಶಾಕ್ ಕೊಡಬೇಕು. 30 ಸ್ವಿಚ್, 15 ವೋಲ್ಟಿನಿಂದ ಶುರುವಾಗಿ 15-15ರಂತೆ 450ರವರೆಗೆ. ಶಾಕ್ ಸುಳ್ಳು, ಆ ಕಡೆಯವನು ನಟ. 300ಕ್ಕೂ 315ಕ್ಕೂ ಅವನು ಗೋಡೆ ಬಡಿಯುತ್ತಾನೆ, ಆಮೇಲೆ ಸದ್ದಿಲ್ಲ. ಕೋಟು ಹಾಕಿದ ಅಧಿಕಾರಿ ಪಕ್ಕದಲ್ಲೇ ಕೂತು "ಮುಂದುವರಿಸಿ" ಅನ್ನುತ್ತಾನೆ. ಮೊದಲು ಪ್ರಕಟಿಸಿದ ಲೆಕ್ಕದಲ್ಲಿ 40ರಲ್ಲಿ 26 ಜನ 450 ಮುಟ್ಟಿದರು. ಬೆವರುತ್ತಾ, ನಡುಗುತ್ತಾ, ಪೆಚ್ಚು ನಗೆ ನಗುತ್ತಾ ಮುಟ್ಟಿದರು. ಕೆಲವರಿಗಾದರೂ ಇದು ನಾಟಕ ಅನ್ನುವ ಅನುಮಾನ ಬಂದಿತ್ತು ಎಂಬ ಟೀಕೆ ಇದೆ, ಅದನ್ನೂ ಗಮನದಲ್ಲಿಡಿ.

ಈಗ ಮೋಸದ ಫೋನ್ ಕಾಲ್ ಪಕ್ಕದಲ್ಲಿಡಿ. ಮೊದಲು "ನಿಮ್ಮ ಹೆಸರಲ್ಲಿ ಒಂದು ಪಾರ್ಸೆಲ್ ಬಂದಿದೆ." ಆಮೇಲೆ ಆಧಾರ್ ನಂಬರ್ ಖಚಿತ ಮಾಡಿ. ಆಮೇಲೆ ವಿಡಿಯೊ ಕಾಲ್, ಹಿಂದೆ ಲಾಂಛನ, ಮೈಮೇಲೆ ಖಾಕಿ. ಆಮೇಲೆ ಬಾಗಿಲು ಹಾಕಿಕೊಳ್ಳಿ, ಮನೆಯವರಿಗೆ ಹೇಳಬೇಡಿ. ದುಡ್ಡಿನ ಮಾತು ಬರುವುದು ಕೊನೆಗೆ. ಇದೂ 15-15 ವೋಲ್ಟೇ. ಯಾವ ಸ್ವಿಚ್ಚಿನಲ್ಲಿ "ಇನ್ನು ಸಾಕು" ಅನ್ನಬೇಕು ಅಂತ ತಿಳಿಯುವುದೇ ಇಲ್ಲ, ಹಿಂದಿನದಕ್ಕೂ ಇದಕ್ಕೂ ಸ್ವಲ್ಪವೇ ವ್ಯತ್ಯಾಸ.

ಬಿಡಿಸಿಕೊಳ್ಳುವ ದಾರಿಯನ್ನೂ ಮಿಲ್‌ಗ್ರಾಂ ಅಳೆದಿದ್ದಾರೆ. ಅಧಿಕಾರಿ ಎದ್ದುಹೋಗಿ ಫೋನಿನಲ್ಲಿ ಆಜ್ಞೆ ಕೊಟ್ಟಾಗ ಕೊನೆ ಮುಟ್ಟಿದವರು ಐವರಲ್ಲಿ ಒಬ್ಬ. ಪಕ್ಕದಲ್ಲಿ ಕೂತ ಇನ್ನಿಬ್ಬರು "ನಾವು ಮಾಡಲ್ಲ" ಅಂತ ಎದ್ದಾಗ ಹತ್ತರಲ್ಲಿ ಒಬ್ಬ. ಹಾಗಾಗಿ ಕ್ಯಾಮೆರಾ ಆಫ್ ಮಾಡಿ, ಇನ್ನೊಬ್ಬರನ್ನು ಕೂಗಿ ಕರೆಯಿರಿ. ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಕಾನೂನಿನಲ್ಲೇ ಇಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

## ಗುಂಪು ಸೇರಿದಾಗ

ಆಕ್ಸಿಡೆಂಟ್ ಆದಾಗ ಜನ ಸುತ್ತ ನಿಂತು ನೋಡ್ತಾರೆ, ಸಹಾಯ ಮಾಡಲ್ಲ. ಮಾನವೀಯತೆ ಸತ್ತು ಹೋಯ್ತಾ?

ಒಂದು ಸಂಜೆ ಹೈವೇ ಪಕ್ಕ ಸ್ಕೂಟರ್ ಬಿದ್ದಿತ್ತು, ಸುತ್ತ ಇಪ್ಪತ್ತು ಜನ. ಇಷ್ಟು ಜನ ಇದ್ದಾರಲ್ಲ, ಆಂಬುಲೆನ್ಸ್‌ಗೆ ಹೇಳಿರ್ತಾರೆ ಅಂತ ನಾನು ಗಾಡಿ ನಿಲ್ಲಿಸಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮನಸ್ಸು ತಡೆಯದೆ ವಾಪಸ್ ಬಂದೆ. ಯಾರೂ ಫೋನ್ ಮಾಡಿರಲಿಲ್ಲ. ಪ್ರತಿಯೊಬ್ಬರೂ ನನ್ನ ಹಾಗೆಯೇ ಯೋಚಿಸಿದ್ದರು. ಪಾಠದಲ್ಲಿ ಹದಿನೈದು ಸಲ ಇದನ್ನೇ ಹೇಳಿದ್ದ ನನಗೂ ಹೊಳೆಯಲಿಲ್ಲ.

1964ರಲ್ಲಿ ನ್ಯೂಯಾರ್ಕಿನಲ್ಲಿ ಕಿಟ್ಟಿ ಜಿನೊವೀಸ್ ಎಂಬ ಯುವತಿಯ ಕೊಲೆಯಾಯಿತು. 38 ಜನ ನೋಡಿಯೂ ಸುಮ್ಮನಿದ್ದರು ಅಂತ ಪತ್ರಿಕೆ ಬರೆಯಿತು. ಆ 38 ಉತ್ಪ್ರೇಕ್ಷೆ ಅಂತ ಆಮೇಲೆ ಗೊತ್ತಾಯಿತು. ಸ್ಪಷ್ಟವಾಗಿ ನೋಡಿದವರು ಕೆಲವರೇ, ನೆರೆಯ ಹೆಂಗಸೊಬ್ಬರು ಓಡಿ ಬಂದು ಅವಳನ್ನು ಹಿಡಿದುಕೊಂಡಿದ್ದರು. ಆದರೆ ಆ ಸುದ್ದಿ ಓದಿ ಡಾರ್ಲಿ ಮತ್ತು ಲಟಾನೆ 1968ರಲ್ಲಿ ಮಾಡಿದ ಪ್ರಯೋಗ ಗಟ್ಟಿಯಾಗಿದೆ. ಬೇರೆ ಬೇರೆ ಕೋಣೆಯಲ್ಲಿ ಕೂತವರು ಮೈಕಿನಲ್ಲಿ ಮಾತಾಡುತ್ತಿರುತ್ತಾರೆ, ಒಬ್ಬನಿಗೆ ಫಿಟ್ಸ್ ಬಂದ ಹಾಗೆ ಕೇಳಿಸುತ್ತದೆ. ಕೇಳುತ್ತಿರುವುದು ನಾನೊಬ್ಬನೇ ಅಂದುಕೊಂಡವರಲ್ಲಿ 100ಕ್ಕೆ 85 ಜನ ಅವನಿಗೆ ಫಿಟ್ಸ್ ನಿಲ್ಲುವ ಮೊದಲೇ ಎದ್ದು ಸಹಾಯ ಕರೆದರು. ಇನ್ನೊಬ್ಬ ಇದ್ದಾನೆ ಅಂದುಕೊಂಡವರಲ್ಲಿ 62. ಇನ್ನೂ ನಾಲ್ವರಿದ್ದಾರೆ ಅಂದುಕೊಂಡವರಲ್ಲಿ 31. ಏಳದವರು ಕಲ್ಲು ಮನಸ್ಸಿನವರಾಗಿರಲಿಲ್ಲ. ಕೈ ನಡುಗುತ್ತಿತ್ತು, ಅವನು ಹೇಗಿದ್ದಾನೆ ಅಂತ ಕೇಳಿದರು.

ಮಾನವೀಯತೆ ಸತ್ತಿಲ್ಲ ಅನ್ನುವುದಕ್ಕೂ ಲೆಕ್ಕ ಇದೆ. ಲ್ಯಾಂಕಾಸ್ಟರ್, ಆಮ್‌ಸ್ಟರ್‌ಡ್ಯಾಂ, ಕೇಪ್‌ಟೌನ್ ನಗರಗಳ ಬೀದಿ ಜಗಳಗಳ ಸಿಸಿಟಿವಿ ನೋಡಿದ ಅಧ್ಯಯನ 2019ರಲ್ಲಿ ಬಂತು. ಹತ್ತರಲ್ಲಿ ಒಂಬತ್ತು ಜಗಳಗಳಲ್ಲಿ ಯಾರಾದರೂ ಒಬ್ಬರು ನಡುವೆ ಬಂದಿದ್ದರು.

ನೀವೇ ಅಲ್ಲಿದ್ದರೆ "ಯಾರಾದ್ರೂ ಫೋನ್ ಮಾಡಿ" ಅನ್ನಬೇಡಿ. "ನೀಲಿ ಶರ್ಟಿನವರೇ, ನೀವು 108ಕ್ಕೆ ಮಾಡಿ" ಅನ್ನಿ. ಪೊಲೀಸ್, ಕೋರ್ಟ್ ಅಂತ ಹೆದರುವವರಿಗೆ: ಸಹಾಯ ಮಾಡಿದವರನ್ನು ಕಾಪಾಡಲು 2016ರಲ್ಲೇ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಎತ್ತಿಹಿಡಿದಿದೆ, ಕರ್ನಾಟಕ ತನ್ನದೇ ಕಾನೂನು ಮಾಡಿದೆ, 2019ರ ಮೋಟಾರು ವಾಹನ ತಿದ್ದುಪಡಿಯಲ್ಲೂ ಅದು ಸೇರಿದೆ.

ಗಣೇಶ ಹಾಲು ಕುಡಿದ ದಿನ ನಮ್ಮಪ್ಪನೂ ಕ್ಯೂನಲ್ಲಿ ನಿಂತಿದ್ರು. ಸುದ್ದಿ ಅಷ್ಟು ಬೇಗ ಹೇಗೆ ಹಬ್ಬುತ್ತೆ?

1995ರ ಸೆಪ್ಟೆಂಬರ್ 21. ವಾಟ್ಸಾಪ್ ಇರಲಿಲ್ಲ, ಮೊಬೈಲ್ ಇರಲಿಲ್ಲ ಅಂದರೂ ನಡೆಯುತ್ತದೆ. ಬೆಳಗ್ಗೆ ದೆಹಲಿಯಲ್ಲಿ ಶುರುವಾದದ್ದು ಅದೇ ದಿನ ವಿದೇಶದ ದೇವಸ್ಥಾನಗಳನ್ನೂ ತಲುಪಿತು. ಹಾಲು ಚಮಚದ ಅಂಚಿನಿಂದ ಕಲ್ಲಿಗೆ ಹರಿದು ತೆಳ್ಳಗೆ ಕೆಳಗಿಳಿಯುತ್ತದೆ ಅಂತ ವಿಜ್ಞಾನಿಗಳು ತೋರಿಸಿದರು. ನಿಮ್ಮ ತಂದೆಗೆ ಉದ್ದನೆಯ ಕ್ಯೂನೇ ಸಾಕ್ಷಿಯಾಗಿತ್ತು. ಇಷ್ಟು ಜನ ಸುಮ್ನೆ ನಿಂತಿರ್ತಾರಾ?

ಸಂತೋಷದ ಸುದ್ದಿಗಿಂತ ಭಯದ ಸುದ್ದಿ ವಿಚಿತ್ರ. 1934ರ ಜನವರಿ 15ರಂದು ಬಿಹಾರದಲ್ಲಿ ದೊಡ್ಡ ಭೂಕಂಪ ಆಯಿತು. ಜಮುನಾ ಪ್ರಸಾದ್ ಎಂಬ ಮನೋವಿಜ್ಞಾನಿ ಆಗ ಹಬ್ಬಿದ ಗಾಳಿಸುದ್ದಿಗಳನ್ನು ಕೂಡಿಹಾಕಿದರು. ನೆಲ ನಡುಗಿದ್ದು ಗೊತ್ತಾಗಿತ್ತು, ಆದರೆ ಹಾನಿಯಾಗಿರಲಿಲ್ಲ, ಅಂಥ ಊರುಗಳಲ್ಲಿ ಓಡಾಡಿದ್ದು ಇನ್ನೂ ದೊಡ್ಡ ಅನಾಹುತ ಬರುತ್ತದೆ ಅನ್ನುವ ಸುದ್ದಿ. ಈಗಾಗಲೇ ಹೆದರಿದವರು ಇನ್ನೂ ಹೆದರಿಸುವ ಸುದ್ದಿ ಯಾಕೆ ಹುಟ್ಟಿಸುತ್ತಾರೆ? ಅಮೆರಿಕದಲ್ಲಿ ಕೂತು ಇದನ್ನು ಓದಿದ ಲಿಯಾನ್ ಫೆಸ್ಟಿಂಗರ್‌ಗೆ ಹೊಳೆದದ್ದು ಹೀಗೆ: ಭಯ ಒಳಗಿದೆ, ಕಾರಣ ಹೊರಗೆ ಕಾಣುತ್ತಿಲ್ಲ. ಆ ಸುದ್ದಿ ಭಯಕ್ಕೆ ಕಾರಣ ಒದಗಿಸುತ್ತದೆ. ಮನಸ್ಸಿನ ಅಸಂಗತಿಯ, ಅಂದರೆ ಮೇಲೆ ಹೇಳಿದ ಒಳಗಿನ ಕಿರಿಕಿರಿಯ ಬಗ್ಗೆ ಅವರು 1957ರಲ್ಲಿ ಪ್ರಕಟಿಸಿದ ಹೆಸರಾಂತ ಸಿದ್ಧಾಂತದ ಬೀಜ ಬಿಹಾರದ್ದು ಅಂತ ನಮ್ಮ ಪಠ್ಯಪುಸ್ತಕಗಳು ಹೇಳುವುದೇ ಅಪರೂಪ.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸಂದೇಶ ದೇಶದ ತುಂಬಾ ಹರಿದಾಡಿ ಜನರನ್ನು ಹೊಡೆದು ಕೊಂದರು. ಬೆಂಗಳೂರಿನಲ್ಲೂ ಆಯಿತು, ಬೀದರ್ ಜಿಲ್ಲೆಯಲ್ಲೂ ಆಯಿತು. ಆಗಲೇ ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಐದು ಕಡೆಗಿಂತ ಹೆಚ್ಚು ಒಟ್ಟಿಗೆ ಕಳಿಸದಂತೆ ತಡೆ ಹಾಕಿದ್ದು.

ಬೇರೆ ಬೇರೆ ಜಾತಿಯವರನ್ನ ಒಟ್ಟಿಗೆ ಸೇರಿಸಿದ್ರೆ ದ್ವೇಷ ಕಡಿಮೆ ಆಗುತ್ತಾ?

ಹೇಗೆ ಸೇರಿಸುತ್ತೀರಿ ಅನ್ನುವುದರ ಮೇಲಿದೆ. 1954ರಲ್ಲಿ ಮುಜಾಫರ್ ಶೆರಿಫ್ ಅಮೆರಿಕದ ಒಕ್ಲಹೋಮಾದ ಒಂದು ಶಿಬಿರಕ್ಕೆ 22 ಹುಡುಗರನ್ನು ಎರಡು ಗುಂಪಾಗಿ ಕರೆತಂದರು. ಪಂದ್ಯ ಕಟ್ಟಿದ ಕೂಡಲೇ ಬಾವುಟ ಸುಟ್ಟರು, ಒಬ್ಬರ ಕೋಣೆಗೆ ಒಬ್ಬರು ನುಗ್ಗಿದರು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ಅನ್ನ ಎರಚಾಡುವ ಹಾಗಾಯಿತು. ನೀರಿನ ಕೊಳಾಯಿ ಕೆಟ್ಟಾಗ, ಲಾರಿ ನಿಂತುಹೋದಾಗ ಎರಡೂ ಗುಂಪು ಸೇರಿ ದುಡಿಯಬೇಕಾಯಿತು. ಆಮೇಲೆ ಜಗಳ ಇಳಿಯಿತು. ಅದರ ಹಿಂದಿನ ವರ್ಷ ಶೆರಿಫ್ ಇದೇ ಥರದ ಇನ್ನೊಂದು ಶಿಬಿರ ಮಾಡಿದ್ದರು. ಅಲ್ಲಿ ಹುಡುಗರು ಜಗಳವಾಡಲು ಒಪ್ಪದೆ ಪ್ರಯೋಗವೇ ಕೆಟ್ಟಿತು. ಅದನ್ನು ಯಾರೂ ಜಾಸ್ತಿ ಹೇಳುವುದಿಲ್ಲ.

ನಮ್ಮ ದೇಶದ ಉತ್ತರ ಕ್ರಿಕೆಟ್ ಮೈದಾನದಲ್ಲಿದೆ. ಮ್ಯಾಟ್ ಲೋ ಉತ್ತರ ಪ್ರದೇಶದಲ್ಲಿ ಹುಡುಗರ ಲೀಗ್ ನಡೆಸಿದರು. ಕೆಲವು ತಂಡದಲ್ಲಿ ಒಂದೇ ಜಾತಿಯವರು, ಕೆಲವು ತಂಡದಲ್ಲಿ ಬೆರಕೆ, ಎಲ್ಲ ಚೀಟಿ ಎತ್ತಿ. 2021ರಲ್ಲಿ ಪ್ರಕಟಿಸಿದ ಪ್ರಕಾರ, ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಗೆಳೆತನ ಹೆಚ್ಚಿತು. ಬೇರೆ ಜಾತಿಯವರ ಎದುರು ಆಡಿದವರಲ್ಲಿ ಒಡನಾಟ ಕಡಿಮೆಯಾಯಿತು. ಊರ ಹಬ್ಬಕ್ಕೆ ಕೇರಿಗೊಂದು ತಂಡ ಕಟ್ಟಿ ಟೂರ್ನಮೆಂಟ್ ಇಡುವವರು ಇದನ್ನು ಓದಬೇಕು.

## ಸ್ವಲ್ಪ ಆಳಕ್ಕೆ

ಸ್ಟ್ಯಾನ್‌ಫರ್ಡ್ ಜೈಲು ಪ್ರಯೋಗ ಸುಳ್ಳಂತೆ, ಹೌದಾ?

ಸುಳ್ಳು ಅನ್ನುವುದಕ್ಕಿಂತ, ಅದರಿಂದ ಎಳೆದ ತೀರ್ಮಾನ ನಿಲ್ಲುವುದಿಲ್ಲ. 1971ರ ಆಗಸ್ಟ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ಜಿಂಬಾರ್ಡೊ ಒಂದು ಅಣಕು ಜೈಲು ಮಾಡಿ, ದಿನಕ್ಕೆ 15 ಡಾಲರ್ ಕೊಟ್ಟು ಹುಡುಗರನ್ನು ಕೈದಿ, ಕಾವಲುಗಾರ ಅಂತ ಹಂಚಿದರು. ಕಾವಲುಗಾರರು ಕ್ರೂರವಾಗಿ ನಡೆದುಕೊಂಡು, ಎರಡು ವಾರದ್ದು ಆರು ದಿನಕ್ಕೆ ನಿಂತಿತು. ಸಮವಸ್ತ್ರ ಹಾಕಿದರೆ ಯಾರಾದರೂ ಕ್ರೂರಿಯಾಗುತ್ತಾರೆ ಅಂತ ಪಾಠ ಮಾಡಿದೆವು. ಆದರೆ ಗಡಸಾಗಿರಬೇಕು ಅಂತ ಕಾವಲುಗಾರರಿಗೆ ಮೊದಲೇ ಹೇಳಿಕೊಟ್ಟಿದ್ದು ದಾಖಲೆಗಳಲ್ಲಿ ಸಿಕ್ಕಿತು. ಜಿಂಬಾರ್ಡೊ ತಾವೇ ಜೈಲು ಅಧಿಕಾರಿಯ ಪಾತ್ರವನ್ನೂ ಮಾಡಿದ್ದರು. ಬ್ರಿಟನ್ನಿನಲ್ಲಿ ಹ್ಯಾಸ್ಲಮ್ ಮತ್ತು ರೈಶರ್ ಹಾಗೆ ಹೇಳಿಕೊಡದೆ ಮಾಡಿದಾಗ ಕಾವಲುಗಾರರು ಕ್ರೂರಿಗಳಾಗಲಿಲ್ಲ, ಕೈದಿಗಳು ಅವರನ್ನೇ ಕೆಳಗಿಳಿಸಿದರು. ನಾನು ಈಗ ಇದನ್ನು ಪ್ರಯೋಗ ಮಾಡುವಾಗ ಏನು ಮಾಡಬಾರದು ಅನ್ನುವ ಪಾಠಕ್ಕೆ ಬಳಸುತ್ತೇನೆ.

ಹಾಗಾದ್ರೆ ಇದರಲ್ಲಿ ಯಾವುದನ್ನ ನಂಬೋದು ಮೇಡಂ?

ಒಳ್ಳೆಯ ಪ್ರಶ್ನೆ. ಮನೋವಿಜ್ಞಾನದ ನಿಯತಕಾಲಿಕೆಗಳಿಂದ 100 ಅಧ್ಯಯನ ಆರಿಸಿ ಮತ್ತೆ ಮಾಡಿ ನೋಡಿದ್ದು 2015ರಲ್ಲಿ ಪ್ರಕಟವಾಯಿತು. ಮತ್ತೆ ಅದೇ ಫಲಿತಾಂಶ ಬಂದದ್ದು 36ರಷ್ಟರಲ್ಲಿ. ಸಾಮಾಜಿಕ ಮನೋವಿಜ್ಞಾನದ ಪಾಲು ಇನ್ನೂ ಕಡಿಮೆ. ಅದಕ್ಕೂ ಮೊದಲು 2011ರಲ್ಲಿ ನೆದರ್‌ಲೆಂಡ್ಸ್‌ನ ಡಿಡೆರಿಕ್ ಸ್ಟಾಪೆಲ್ ಅಂಕಿ ಅಂಶವನ್ನೇ ಸೃಷ್ಟಿಸುತ್ತಿದ್ದದ್ದು ಬಯಲಾಗಿತ್ತು. ವಯಸ್ಸಾದವರನ್ನು ನೆನಪಿಸುವ ಪದ ಓದಿದರೆ ನಡಿಗೆ ನಿಧಾನವಾಗುತ್ತದೆ ಅನ್ನುವಂಥ ಚಮತ್ಕಾರಗಳು ಮತ್ತೆ ಮಾಡಿದಾಗ ನಿಲ್ಲಲಿಲ್ಲ.

ನನ್ನ ಅಳತೆ ಸರಳ. ಬೇರೆ ದೇಶ, ಬೇರೆ ಕೈಯಲ್ಲಿ ಮತ್ತೆ ಮತ್ತೆ ಬಂದದ್ದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಆಶ್ ಗೆರೆ ಹಾಗೆ ಉಳಿದಿದೆ. ಮಿಲ್‌ಗ್ರಾಂ ಪ್ರಯೋಗವನ್ನು ಅಮೆರಿಕದಲ್ಲೇ 150 ವೋಲ್ಟಿಗೆ ನಿಲ್ಲಿಸಿ 2009ರಲ್ಲಿ ಮತ್ತೆ ಪ್ರಕಟಿಸಿದರು, 100ಕ್ಕೆ 70 ಜನ ಮುಂದೆ ಹೋಗಲು ತಯಾರಿದ್ದರು. ಒಂದು ಸಣ್ಣ ಸುಳಿವಿನಿಂದ ಬದುಕೇ ಬದಲಾಯಿತು ಅನ್ನುವ ಫಲಿತಾಂಶ ಕಂಡರೆ ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇನೆ.

ನಾವೇ ಒಂದು ಪ್ರಯೋಗ ಮಾಡಿ ನೋಡ್ಬಹುದಾ? ಯಾರಿಗೂ ತೊಂದರೆ ಆಗ್ಬಾರ್ದು.

ಮಾಡಬಹುದು, ದುಡ್ಡೂ ಬೇಡ. 1969ರಲ್ಲಿ ಮಿಲ್‌ಗ್ರಾಂ ಮತ್ತು ಜೊತೆಗಾರರು ಪ್ರಕಟಿಸಿದ್ದು ಇದು. ನ್ಯೂಯಾರ್ಕಿನ ಫುಟ್‌ಪಾತಿನಲ್ಲಿ ತಮ್ಮವರನ್ನು ನಿಲ್ಲಿಸಿ ಎದುರಿನ ಕಟ್ಟಡದ ಆರನೇ ಮಹಡಿ ಕಿಟಕಿಯನ್ನು ನೋಡಲು ಹೇಳಿದರು. ಒಬ್ಬನೇ ನೋಡುತ್ತಿದ್ದಾಗ ದಾರಿಹೋಕರಲ್ಲಿ 100ಕ್ಕೆ 4 ಜನ ನಿಂತರು. 15 ಜನ ನೋಡುತ್ತಿದ್ದಾಗ 40 ಜನ ನಿಂತರು.

ನಮ್ಮ ಎರಡನೇ ವರ್ಷದ ಮಕ್ಕಳು ಬಸ್ ಸ್ಟ್ಯಾಂಡಿನಲ್ಲಿ ಮಾಡಿದರು. ಐದು ಜನ ನೀರಿನ ಟ್ಯಾಂಕಿನ ಕಡೆ ತಲೆಯೆತ್ತಿ ನಿಂತರು, ಇಬ್ಬರು ಲೆಕ್ಕ ಬರೆಯಲು ಟೀ ಅಂಗಡಿಯಲ್ಲಿ ಕೂತರು. ನಿಮಿಷದೊಳಗೆ ಬಾಳೆಹಣ್ಣಿನ ಗಾಡಿಯವನು ನೋಡಿದ, ಕಂಡಕ್ಟರ್ ನೋಡಿದರು. ಕೈಚೀಲ ಹಿಡಿದ ಅಜ್ಜ ಒಬ್ಬರು ಬಂದು "ಏನ್ ನೋಡಕತ್ತೀರಪ್ಪಾ?" ಅಂದರು. ಹುಡುಗರು ಮಾತಾಡಲಿಲ್ಲ. ಅಜ್ಜ ಕನ್ನಡಕ ಒರೆಸಿಕೊಂಡು ತಾವೂ ನೋಡಿದರು. ಹುಡುಗರು ಒಬ್ಬೊಬ್ಬರಾಗಿ ಜಾರಿಕೊಂಡು ಟೀ ಅಂಗಡಿ ಸೇರಿದರು. ಅಲ್ಲಿಂದ ತಿರುಗಿ ನೋಡಿದರೆ ಅಜ್ಜ ಇನ್ನೂ ಅಲ್ಲೇ ನಿಂತಿದ್ದರು. ಪಕ್ಕಕ್ಕೆ ಬಂದು ನಿಂತ ಹೆಂಗಸಿಗೆ ಬೆರಳು ತೋರಿಸಿ ಹೇಳುತ್ತಿದ್ದರು: "ಅಲ್ಲೇನೋ ಐತಂತೆ ನೋಡವ್ವಾ, ಈಗ ಕಾಣ್ತಿತ್ತು."